ಮಂಗೋಲಿಯಾಕ್ಕೆ ಮೀಸಲು ಕಾಯಿ

ಹುಚ್ಚರಂಗಯ್ಯನ ಕುತ್ತಿಗೆ ಹುಟ್ಟಿದಾಗ ಎಲ್ಲರ ಕುತ್ತಿಗೆಯಂತೆಯೇ ನೆಟ್ಟಗಿತ್ತು. ಒಂಬತ್ತನೇ ವಯಸ್ಸಿನಲ್ಲಿ ತೋಟದಲ್ಲಿ ಗೋಲಿ ಆಡುತ್ತಿದ್ದಾಗ ಒಂದು ಒಣಗಾಯಿ ಕಿವಿಯನ್ನು ಸವರಿಕೊಂಡು ಬಂದು ಭುಜದ ಮೇಲೆ ಬಿತ್ತು ನೋಡಿ, ಅವತ್ತು ಮೇಲಕ್ಕೆ ತಿರುಗಿದ ಕುತ್ತಿಗೆ ಆಮೇಲೆ ಸರಿಯಾಗಿ ಕೆಳಗಿಳಿಯಲೇ ಇಲ್ಲ. ಎಲ್ಲಿ ನಿಲ್ಲಬೇಕಾದರೂ ಮೊದಲು ಮೇಲೆ ನೋಡುತ್ತಾನೆ. ತೋಟದಲ್ಲಿ ನೋಡಲಿ, ಯಾರು ಬೇಡ ಅಂದರು? ತಿಪಟೂರು ಬಸ್ ಸ್ಟ್ಯಾಂಡಿನ ಕಾಂಕ್ರೀಟ್ ಸೂರಿನ ಕೆಳಗೂ ನೋಡುತ್ತಾನೆ. ಆಸ್ಪತ್ರೆಯಲ್ಲಿ ಫ್ಯಾನಿನ ಕೆಳಗೂ ನೋಡುತ್ತಾನೆ. ಹೆಂಡತಿ ಭೈರಮ್ಮನಿಗೆ ಇದೊಂದು ಆರದ ಸಂಕಟ. "ತಾಳಿ ಕಟ್ಟೋವಾಗ ನನ್ ಮಕ ನೋಡ್ಲಿಲ್ಲ ಕಣವ್ವಾ ಈ ಮಾರಾಯ, ಚಪ್ಪರ ನೋಡ್ತಾ ನಿಂತಿದ್ದ" ಎಂದು ನಲವತ್ತು ವರ್ಷದಿಂದ ಹೇಳಿಕೊಂಡು ಬರುತ್ತಿದ್ದಾಳೆ.

ಊರಿನವರು ಮಾತ್ರ ಇದನ್ನು ಭಕ್ತಿ ಎಂದು ತಿಳಿದಿದ್ದರು. ಸದಾ ಆಕಾಶ ನೋಡುವವನು ದೇವರನ್ನಲ್ಲದೆ ಇನ್ನೇನು ನೋಡಿಯಾನು? ಇನ್ನೂರು ತೆಂಗಿನ ಮರದ ಒಡೆಯ, ಅರವತ್ತೊಂದು ವರ್ಷದ ಗೃಹಸ್ಥ, ಕಾಯಿಗೆ ಹೆದರುತ್ತಾನೆ ಎಂದರೆ ನಮ್ಮ ಸೀಮೆಯಲ್ಲಿ ಯಾರು ನಂಬುತ್ತಾರೆ!

ನಿಜ ಗೊತ್ತಿದ್ದವನು ಒಬ್ಬನೇ. ನೊಣವಿನಕೆರೆಯಲ್ಲಿ ಪಂಪು, ಸ್ಕೂಟರು ರಿಪೇರಿ ಮಾಡುವ ಗೌಸ್ ಪೀರ್. ಮೂವತ್ತೈದು ವರ್ಷದ ಹಿಂದೆ ಅವನು ರಂಗಯ್ಯನ ತೋಟದ ಪಂಪ್‌ಹೌಸಿಗೆ ಮೋಟಾರು ಬಿಚ್ಚಲು ಬಂದಿದ್ದ. ಪಕ್ಕದ ಮರದಡಿ ಕೂತು ನಟ್ಟು ತಿರುಗಿಸುತ್ತಿದ್ದವನನ್ನು ರಂಗಯ್ಯ "ಮೇಲೆ ನೋಡ್ಲಾ!" ಎಂದು ಕಿರುಚಿ, ರಟ್ಟೆ ಹಿಡಿದು ಎಳೆದು, ಸ್ಪ್ಯಾನರ್ ಸಮೇತ ನೀರಿನ ಕಾಲುವೆಗೆ ಬೀಳಿಸಿದ. ಇಬ್ಬರೂ ಕೆಸರಲ್ಲಿ ಕೂತು ಕಾಯಿ ಬೀಳುವುದನ್ನೇ ಕಾದರು. ಹತ್ತು ನಿಮಿಷ ಕಾದರು. ಕಾಯಿ ಬೀಳಲಿಲ್ಲ.

"ಬೀಳ್ತದೇನಣ್ಣ, ಇಲ್ಲಾ ನಾಳೆ ಬರ್ಲಾ?" ಎಂದು ಗೌಸ್ ಪೀರ್ ಕೇಳಿದ. ಇಬ್ಬರಿಗೂ ನಗು ಬಂತು. ಆ ನಗುವಿನಿಂದಲೇ ಸ್ನೇಹ ಶುರುವಾಯಿತು.

ಗೌಸ್ ಪೀರನ ಅಂಗಡಿಯ ಗೋಡೆಯಲ್ಲಿ ಯಾವುದೋ ಟೈರಿನವರು ಕೊಟ್ಟ ಹಳೆಯ ಕ್ಯಾಲೆಂಡರ್ ಇತ್ತು. ತಿಂಗಳು, ತಾರೀಖು ಎಲ್ಲ ಹರಿದು ಹೋಗಿ ಒಂದು ಚಿತ್ರ ಮಾತ್ರ ಉಳಿದಿತ್ತು. ಹುಲ್ಲಿನ ಬಯಲು, ಅದರ ನಡುವೆ ಆಕಾಶದವರೆಗೂ ನೆಟ್ಟಗೆ ಹೋದ ಒಂದು ದಾರಿ, ದಾರಿಯ ಮೇಲೊಂದು ಹಳೇ ರಷ್ಯಾ ವ್ಯಾನು. ಕೆಳಗೆ ಸಣ್ಣಕ್ಷರದಲ್ಲಿ ಮಂಗೋಲಿಯಾ ಎಂದಿತ್ತು. ಗೌಸ್ ಪೀರ್ ನೋಡುತ್ತಿದ್ದುದು ಆ ವ್ಯಾನನ್ನು. ಅದು ನಡುದಾರಿಯಲ್ಲಿ ಕೆಟ್ಟರೆ ಸುತ್ತಿಗೆ, ತಂತಿ ಎರಡರಲ್ಲೇ ರಿಪೇರಿಯಂತೆ ಎಂದು ಅವನು ಎಲ್ಲೋ ಕೇಳಿದ್ದ. ರಂಗಯ್ಯ ನೋಡುತ್ತಿದ್ದುದು ಮರಗಳನ್ನು, ಎಂದರೆ ಚಿತ್ರದಲ್ಲಿ ಇಲ್ಲದ ಮರಗಳನ್ನು.

"ಒಂದೂ ಮರ ಇಲ್ಲ ಕಣ್ಲಾ ಗೌಸು" ಎನ್ನುತ್ತಿದ್ದ ರಂಗಯ್ಯ. "ಎಲ್ಲಿ ಬೇಕಾದ್ರೂ ಮಲಕ್ಕೋಬೋದು."

ಇಪ್ಪತ್ತು ವರ್ಷ ಹೀಗೇ ನೋಡಿದರು. ಕೊನೆಗೆ ಒಂದು ಕಾರ್ತೀಕದಲ್ಲಿ, ಇನ್ನು ತಡ ಮಾಡಿದರೆ ಮಂಡಿ ಬಗ್ಗುವುದಿಲ್ಲ ಎಂದು ಗೌಸ್ ಪೀರನೇ ಮಾತೆತ್ತಿದ. ಬರುವ ಜೂನ್ ಕೊನೆಗೆ ಹೊರಡುವುದು, ರಾಜಧಾನಿ ಉಲಾನ್‌ಬಾತರಿನಲ್ಲಿ ಡ್ರೈವರ್ ಸಮೇತ ಒಂದು ವ್ಯಾನು ಹಿಡಿಯುವುದು, ಪಶ್ಚಿಮದ ತುದಿಯ ಉಲ್ಗಿ ಎಂಬ ಊರಿನವರೆಗೆ ಇಪ್ಪತ್ತು ದಿನ ನೆಲದ ಮೇಲೇ ಹೋಗುವುದು. ಎಲ್ಲವೂ ಒಂದು ಕಾಫಿಯಲ್ಲಿ ತೀರ್ಮಾನವಾಯಿತು. ತೀರ್ಮಾನವಾಗದೆ ಉಳಿದದ್ದು ಡ್ರೈವರ್ ಪಕ್ಕದ ಮುಂದಿನ ಸೀಟು ಯಾರಿಗೆ ಎಂಬುದೊಂದೇ. ಅದಕ್ಕೆ ಹದಿನೆಂಟು ದಿನ ಜಗಳವಾಯಿತು. ನಾಲ್ಕು ದಿನ ಮಾತೂ ಬಿಟ್ಟಿದ್ದರು. ಗೌಸ್ ಪೀರನ ಹೆಂಡತಿ ಜೈನಾಬ್ ಬೀ ನಡುವೆ ಬಂದು, ಮೊದಲನೇ ದಿನ, ಮೂರನೇ ದಿನ, ಐದನೇ ದಿನ ಹೀಗೆ ಬೆಸ ದಿನವೆಲ್ಲ ತನ್ನ ಗಂಡನಿಗೆ, ಸರಿ ದಿನವೆಲ್ಲ ರಂಗಣ್ಣನಿಗೆ ಎಂದು ಪಂಚಾಯ್ತಿ ಮಾಡಿದಳು. "ಮೊದಲ್ನೇ ದಿನ ಅವನಿಗಾ?" ಎಂದು ರಂಗಯ್ಯ ಒಂದು ವಾರ ಮುಖ ಊದಿಸಿಕೊಂಡಿದ್ದ.

ಎಡವಟ್ಟು ಆದದ್ದು ಪಾಸ್‌ಪೋರ್ಟಿನ ಫೋಟೋದಿಂದ. ತಿಪಟೂರಿನ ಸ್ಟುಡಿಯೋದವನು "ನೆಟ್ಟಗೆ ನೋಡಿ ಯಜಮಾನ್ರೇ" ಎಂದು ಎಷ್ಟು ಹೇಳಿದರೂ ರಂಗಯ್ಯ ತಲೆಯ ಮೇಲಿನ ದೀಪದ ಕೊಡೆಯನ್ನೇ ನೋಡುತ್ತಿದ್ದ. ಮೂರು ಫೋಟೋದಲ್ಲಿ ಬರೀ ಗಂಟಲು ಬಂತು. ಸಂತೆಗೆ ಬಂದಿದ್ದ ಪಕ್ಕದ ಮನೆಯ ದ್ರಾಕ್ಷಾಯಣಮ್ಮ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದಳು.

"ಯಾಕ್ ರಂಗಣ್ಣ ಫೋಟ? ಎಲ್ಲಿಗ್ ಹೊಂಟೆ?"

ಈಗ ನೀವೇ ಯೋಚನೆ ಮಾಡಿ. ಮುನ್ನೂರು ಮರದ ಒಡತಿಯ ಎದುರು, ಮರವೇ ಇಲ್ಲದ ಜಾಗ ನೋಡಲು ಹೋಗುತ್ತಿದ್ದೇನೆ ಎಂದು ಹೇಳಲಾದೀತೇ? ಅದರ ಮೇಲೆ ಫಾರಿನ್ನಿಗೆ ಹೋಗುವವನ ಸಣ್ಣ ಜಂಬವೂ ಇತ್ತು. ರಂಗಯ್ಯ ಗಂಟಲು ಸರಿಮಾಡಿಕೊಂಡ.

"ಕೈಲಾಸ ಪರ್ವತ ಐತಲ್ಲ ದ್ರಾಕ್ಷಾಯಣಮ್ಮ, ಅದ್ನೂ ದಾಟಿ ಇನ್ನೂ ಮುಂದಕ್ಕೆ."

ಭೂಪಟದ ಪ್ರಕಾರ ಇದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ದ್ರಾಕ್ಷಾಯಣಮ್ಮನ ಕಣ್ಣು ತುಂಬಿ ಬಂತು. ಸ್ಟುಡಿಯೋದಲ್ಲೇ ಕೈ ಮುಗಿದಳು. ಅವಳು ಹತ್ತಿದ ಬಸ್ಸು ಊರು ಮುಟ್ಟುವಷ್ಟರಲ್ಲಿ ಅರ್ಧ ಬಸ್ಸಿಗೆ ಸುದ್ದಿ ಗೊತ್ತಾಗಿತ್ತು.

ನಮ್ಮ ಕಡೆ ಒಂದು ಪದ್ಧತಿ ಇದೆ. ಯಾರಾದರೂ ದೂರದ ಯಾತ್ರೆಗೆ ಹೊರಟರೆ, ಹೋಗಲಾರದವರು ತಮ್ಮ ಹೆಸರಿನಲ್ಲಿ ಒಡೆಯಲು ಒಂದು ಕಾಯಿ ಕೊಟ್ಟು ಕಳಿಸುತ್ತಾರೆ. ಅದು ಮೀಸಲು ಕಾಯಿ. ಮಾರುವಂತಿಲ್ಲ, ಸಾರಿಗೆ ಹಾಕುವಂತಿಲ್ಲ, ಕೊಟ್ಟವರಿಗೆ ತಿರುಗಿ ಕೊಡುವಂತೆಯೂ ಇಲ್ಲ. ಹೋಗುವವನು ಹೊರುತ್ತಾನೆ, ಹೋಗಲಾರದವನು ಕೊಡುತ್ತಾನೆ. ಇದರಲ್ಲಿ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ.

ಮೊದಲ ಕಾಯಿ ಮಾರನೇ ಬೆಳಿಗ್ಗೆ ದ್ರಾಕ್ಷಾಯಣಮ್ಮನದೇ ಬಂತು. ಹೊರಡುವುದು ಇನ್ನೂ ಏಳು ತಿಂಗಳಿದೆ, ಸುಲಿದ ಕಾಯಿ ಉಳಿಯುವುದಿಲ್ಲ ಎಂದು ಸಿಪ್ಪೆ ಸಮೇತ ತಂದಿದ್ದಳು.

"ಅಲ್ಲಿ ದೇವಸ್ಥಾನ ಇಲ್ಲ ಕಣಮ್ಮ, ಬರೀ ಬಯಲು" ಎಂದ ರಂಗಯ್ಯ.

"ಗೊತ್ತಾಯ್ತು ಬುಡಪ್ಪ. ಹೇಳ್ಕೋಬಾರ್ದು ಅಂತ ಹರಕೆ ಇರ್ತದೆ. ನಾನೂ ಯಾರ್ಗೂ ಹೇಳಲ್ಲ" ಎಂದು ಅವಳು ಕಾಯಿಯನ್ನು ಅವನ ಮಡಿಲಿಗೆ ಹಾಕಿ, ಎದುರು ಮನೆಗೆ ಹೇಳಲು ಹೋದಳು.

ಒಂದು ವಾರದಲ್ಲಿ ಅಟ್ಟದ ಮೇಲೆ ನಲವತ್ತು ಕಾಯಿ. ಸಂಕ್ರಾಂತಿ ಹೊತ್ತಿಗೆ ನೂರು. ಯಾರದು ಯಾವುದು ಎಂದು ತಿಳಿಯಲು ಸಿಪ್ಪೆಯ ಮೇಲೆ ಹೆಸರು, ಕೋರಿಕೆ ಬರೆಸಿಕೊಳ್ಳತೊಡಗಿದ. ಮಗಳ ಮದುವೆ, ಮಂಡಿ ನೋವು, ಸೊಸೆಗೆ ಬುದ್ಧಿ. ಒಂದರ ಮೇಲೆ 'ಎದುರು ತೋಟದವರ ಬೋರು ಬತ್ತಲಿ' ಎಂದಿತ್ತು. ಅದನ್ನು ರಂಗಯ್ಯ ಗೋಡೆ ಕಡೆಗೆ ತಿರುಗಿಸಿ ಇಟ್ಟ. ನೊಣವಿನಕೆರೆಯ ಟೈಲರ್ ಮನೆಯಿಂದ, ಬೇಕರಿ ಮನೆಯಿಂದಲೂ ಬಂದವು. ಭೈರಮ್ಮ ಏಣಿಯ ಬುಡದಲ್ಲಿ ನಿಂತು ಸೊಂಟಕ್ಕೆ ಕೈ ಕೊಟ್ಟಳು.

"ನಮ್ ಕಾಯಿ ಇಡಕ್ಕೆ ಜಾಗ ಇಲ್ಲ. ಊರೋರ ಕಷ್ಟನೆಲ್ಲ ತಂದು ನನ್ ನೆತ್ತಿ ಮೇಲ್ ಪೇರಿಸ್ತಿದೀಯಲ್ಲ, ನಿಂಗೇನ್ ಬಂದೈತೆ?"

ರಂಗಯ್ಯ ಅಟ್ಟದ ಕೆಳಗೆ ನಿಂತಿದ್ದರಿಂದ ಮೇಲೆ ನೋಡುತ್ತಿದ್ದ.

ಗೌಸ್ ಪೀರ್ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ. "ವಿಮಾನ್ದಲ್ಲಿ ತಲೆಗೆ ಇಪ್ಪತ್ಮೂರು ಕೆಜಿ ಕಣ್ಲಾ. ಬಟ್ಟೆ ಬ್ಯಾಡ ಅಂದ್ರೂ ಇಬ್ರಿಗೆ ನಲವತ್ತು ಕಾಯಿ. ಮಿಕ್ಕಿದ್ದಕ್ಕೆ ಇನ್ನೂ ಒಂದೈದು ಜನನ್ನ ಕರ್ಕೊಂಡೋಗಣ."

"ಅವರ್ನೆಲ್ಲ ಎಲ್ಲಿ ಕೂರಿಸ್ತೀಯ?"

"ಹಿಂದೆ. ಮುಂದಿನ ಸೀಟು ನಂದೇ" ಎಂದು ಮತ್ತೆ ನಕ್ಕ. ನಗುತ್ತ ನಗುತ್ತ ಬಲಗೈಯಲ್ಲಿ ಪಕ್ಕೆ ಒತ್ತಿಕೊಂಡ. ರಂಗಯ್ಯ ಅದನ್ನು ನಗುವಿನ ನೋವೆಂದೇ ತಿಳಿದ.

ಪಾಸ್‌ಪೋರ್ಟಿನ ವಿಚಾರಣೆಗೆ ಸ್ಟೇಷನ್ನಿನಿಂದ ಬಸವಕುಮಾರ್ ಎಂಬ ಪೇದೆ ಬಂದ. ನಡತೆ ಹೇಗೆ ಎಂದು ಅಕ್ಕಪಕ್ಕದಲ್ಲಿ ವಿಚಾರಿಸುವುದು ಕ್ರಮ. ದ್ರಾಕ್ಷಾಯಣಮ್ಮ ಕರೆಯದೆಯೇ ಬಂದು ಸಾಕ್ಷಿ ಹೇಳಿದಳು.

"ನಡತೆನಾ? ಈ ಮನುಷ್ಯ ನೆಲ ನೋಡಿದ್ದೇ ಇಲ್ಲ ಕಣಪ್ಪ! ನಿಂತ್ರೆ ಆಕಾಶ, ಕೂತ್ರೆ ಆಕಾಶ. ಇಂಥೋರ್ಗೆ ಪಾಸ್‌ಪೋರ್ಟ್ ಕೊಡ್ದೆ ಇನ್ಯಾರ್ಗೆ ಕೊಡ್ತೀರಿ?"

ಬಸವಕುಮಾರ್ ಅಟ್ಟ ಹತ್ತಿ ನೋಡಿದ. ನೂರ ನಲವತ್ತೆರಡು ಕಾಯಿ, ಒಂದೊಂದರ ಮೇಲೂ ಒಂದೊಂದು ಹೆಸರು. ಅವನ ಮುಖ ಗಂಭೀರವಾಯಿತು.

"ಏನ್ರೀ ಇದು ಲಿಸ್ಟು? ಮಾಟ ಗೀಟನಾ?"

ರಂಗಯ್ಯ ಬೆವತು ಹೋಗಿ ಎಲ್ಲವನ್ನೂ ಒಪ್ಪಿಕೊಂಡ. ಯಾತ್ರೆಯಲ್ಲ, ಬಯಲು ನೋಡಲು ಹೋಗುವುದು, ತನಗೆ ಕಾಯಿಯ ಹೆದರಿಕೆ, ಒಂಬತ್ತನೇ ವಯಸ್ಸಿನ ಭುಜದ ಪೆಟ್ಟು, ಎಲ್ಲವನ್ನೂ ಹೇಳಿದ. ಪೇದೆ ಅಷ್ಟನ್ನೂ ಕೇಳಿ, ಹೊರಗೆ ಹೋಗಿ ಬೈಕಿನ ಡಬ್ಬಿ ತೆರೆದು ಒಂದು ಕಾಯಿ ತಂದ.

"ಹರಕೆ ಮುಚ್ಚಿಡಕ್ಕೆ ಎಷ್ಟ್ ಚೆನ್ನಾಗಿ ಕತೆ ಕಟ್ತೀರಿ ಸ್ವಾಮಿ! ನನ್ ಹೆಂಡ್ತಿ ತುರುವೇಕೆರೆ ಸ್ಕೂಲಲ್ಲವ್ಳೆ. ಟ್ರಾನ್ಸ್‌ಫರ್ ಅಂತ ಬರ್ಕೊಳಿ."

ನೂರ ನಲವತ್ಮೂರು.

ಎರಡು ಪಾಸ್‌ಪೋರ್ಟೂ ಫೆಬ್ರವರಿಯಲ್ಲಿ ಒಂದೇ ದಿನ ಬಂದವು. ರಂಗಯ್ಯ ತನ್ನದನ್ನು ಹಿಡಿದು ನೊಣವಿನಕೆರೆಗೆ ಓಡಿದರೆ ಅಂಗಡಿ ಮುಚ್ಚಿತ್ತು. ಕಾಮಾಲೆ ಎಂದು ಗೌಸ್ ಪೀರನನ್ನು ತುಮಕೂರಿಗೆ ಕರೆದುಕೊಂಡು ಹೋಗಿದ್ದರು. ವಾರ ಕಳೆದ ಮೇಲೆ ಜೈನಾಬ್ ಬೀ ಒಬ್ಬಳೇ ತೋಟಕ್ಕೆ ಬಂದಳು. ಪಂಪ್‌ಹೌಸಿನ ಕಟ್ಟೆ ಮೇಲೆ ಕೂತಳು.

"ಕಾಮಾಲೆ ಅಲ್ವಂತೆ ಅಣ್ಣಾ. ಒಳಗೆ ಗಡ್ಡೆ. ಕೈ ಮೀರೋಗೈತೆ, ಮುಂಗಾರು ನೋಡಲ್ಲ ಅಂದ್ರು ಡಾಕ್ಟ್ರು." ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಅವ್ರಿಗೆ ಹೇಳಿಲ್ಲ. ನೀವು ಟಿಕೀಟು ಮಾಡ್ಬೇಡಿ. ಆದ್ರೆ ಟೂರು ಇಲ್ಲ ಅಂತ ಮಾತ್ರ ಅನ್ಬೇಡಿ. ಅದೊಂದ್ ಮಾತಲ್ಲೇ ಅವ್ರು ಎದ್ದು ಕೂರ್ತಾರೆ."

ರಂಗಯ್ಯನಿಗೆ ಅಳು ಬಂತು. ಕಣ್ಣೀರು ಕೆಳಗೆ ಬೀಳದಂತೆ ಮೇಲೆ ನೋಡಿದ. ಮರದಲ್ಲಿ ಕಾಯಿಗಳು ತಮ್ಮ ಪಾಡಿಗೆ ತೂಗುತ್ತಿದ್ದವು.

ಅವತ್ತಿನಿಂದ ಈ ಲೋಕದಲ್ಲಿ ಅವನಿಗೆ ಉಳಿದ ಕೆಲಸ ಒಂದೇ: ಗೌಸ್ ಪೀರನಿಗೆ ಗೊತ್ತಾಗಬಾರದು. ಈ ಕೆಲಸಕ್ಕೆ ಇಡೀ ತಾಲ್ಲೂಕಿನಲ್ಲಿ ಅವನಷ್ಟು ನಾಲಾಯಕ್ಕು ಮನುಷ್ಯ ಇನ್ನೊಬ್ಬನಿರಲಿಲ್ಲ. ಸುಳ್ಳು ಹೇಳುವಾಗ ಅವನಿಗೆ ಬಿಕ್ಕಳಿಕೆ ಬರುತ್ತದೆ. ಮಂಚದ ಪಕ್ಕ ಭೂಪಟ ಹರವಿ "ಏಳ್ನೇ ದಿನ... ಹಿಕ್... ಈ ಹೊಳೆ ದಾಟಿ... ಹಿಕ್... ಅಲ್ಲಿ ಮಲಗಾದು" ಎನ್ನುತ್ತಿದ್ದ. "ನೀರು ಕುಡಿ" ಎನ್ನುತ್ತಿದ್ದ ಗೌಸ್ ಪೀರ್. ಮೂರು ಹೊತ್ತೂ ಕುರಿ ಮಾಂಸವಂತೆ ಎಂದು ಇವನು ಹೇಳಿದರೆ, ರಾಗಿ ಹಿಟ್ಟು ಒಯ್ದು ಅವರಿಗೂ ಮುದ್ದೆ ತೊಳಸಿಕೊಡೋಣ ಎಂದು ಅವನು ಹೇಳುತ್ತಿದ್ದ. ಅನ್ನ ಒಂದು ತುತ್ತು ಸೇರದವನು ಮುದ್ದೆಯ ಮಾತಾಡುವುದನ್ನು ಕೇಳಿ ರಂಗಯ್ಯನ ಬಿಕ್ಕಳಿಕೆ ಜಾಸ್ತಿಯಾಗುತ್ತಿತ್ತು.

ನಂಬಿಕೆ ಗಟ್ಟಿಯಾಗಲಿ ಎಂದು ತಿಪಟೂರಿನಿಂದ ಎರಡು ಉಣ್ಣೆ ಕೋಟು ತಂದ. ಮಾರ್ಚಿ ತಿಂಗಳ ಉರಿಬಿಸಿಲಲ್ಲಿ ಗೌಸ್ ಪೀರ್ ಅದನ್ನು ತೊಟ್ಟು ಕೂತ. ಭುಜ ಇಳಿದು, ತೋಳು ಬೆರಳು ಮುಚ್ಚಿತು.

"ಅಂಗಡಿಯೋನು ದೊಡ್ಡದು ಕೊಟ್ಟವ್ನೆ ಬಡ್ಡಿಮಗ" ಎಂದು ರಂಗಯ್ಯ ಮಾರನೇ ದಿನ ಹೋಗಿ ಅದಕ್ಕಿಂತ ಚಿಕ್ಕದು ತಂದ. ಹತ್ತು ದಿನ ಬಿಟ್ಟು ನೋಡಿದರೆ ಅದೂ ದೊಡ್ಡದು. ಮತ್ತೆ ಬದಲಾಯಿಸಿದ. ಮೂರನೇ ಸಲ ಹೋದಾಗ ಅಂಗಡಿಯವನಿಗೆ ರೇಗಿತು.

"ಇದಕ್ಕಿಂತ ಚಿಕ್ಕದು ಸ್ಕೂಲ್ ಮಕ್ಕಳದು ಯಜಮಾನ್ರೇ. ನಿಮ್ಮೋರೇನು ದಿನಾ ಸಣ್ಣ ಆಗ್ತಾರಾ?"

"ಹೂಂ" ಎಂದ ರಂಗಯ್ಯ. ಅಲ್ಲೇ ಕೌಂಟರಿನ ಮೇಲೆ ತಲೆಯಿಟ್ಟು ಅತ್ತ. ಅಂಗಡಿಯವನು ಗಾಬರಿಯಾಗಿ ಸ್ಕೂಲ್ ಮಕ್ಕಳ ಕೋಟು ಕಟ್ಟಿಕೊಟ್ಟ.

ಆ ಕೋಟು ಗೌಸ್ ಪೀರನಿಗೆ ಸರಿಯಾಗಿ ಹಿಡಿಸಿತು. ಅವನು ಗುಂಡಿ ಹಾಕಿಕೊಂಡು, ಒಳಜೇಬಿನಲ್ಲಿದ್ದ ಶಾಲೆಯ ಹೆಸರಿನ ಪಟ್ಟಿಯನ್ನು ಸವರಿ ನೋಡಿ, "ಚೆನ್ನಾಗೈತೆ" ಎಂದಷ್ಟೇ ಹೇಳಿದ.

ಯುಗಾದಿಗೆ ಎರಡು ದಿನ ಇರುವಾಗ ರಂಗಯ್ಯ ಹೋದಾಗ ಗೌಸ್ ಪೀರ್ ದಿಂಬಿಗೆ ಒರಗಿ ಕಾಯುತ್ತಿದ್ದ. ಭೈರಮ್ಮ ಆಗಲೇ ಅಲ್ಲಿದ್ದಳು. ಗಂಡನನ್ನು ನೋಡಿದ ತಕ್ಷಣ ಜೈನಾಬ್ ಬೀಯ ಕೈ ಹಿಡಿದುಕೊಂಡು ಒಳಗೆ ಹೋದಳು.

"ಹದಿಮೂರನೇ ದಿನ..." ಎಂದು ರಂಗಯ್ಯ ಭೂಪಟ ಬಿಚ್ಚಿದ.

"ಅದಿರ್ಲಿ. ಇದ್ನ ಹಿಡಿ."

ಗೌಸ್ ಪೀರ್ ಹೊದಿಕೆಯೊಳಗಿಂದ ಎರಡೂ ಕೈಯಲ್ಲಿ ಎತ್ತಿ ಕೊಟ್ಟದ್ದು ಒಂದು ತೆಂಗಿನಕಾಯಿ. ಸಿಪ್ಪೆ ಸಮೇತ ಇತ್ತು. ಮೇಲೆ, ಗಿರಾಕಿಗಳ ಪಂಪಿನ ಮೇಲೆ ಬರೆಯುವ ಬಿಳೀ ಬಣ್ಣದಲ್ಲಿ, ಗೌಸ್ ಪೀರ್ ಎಂದು ಬರೆದಿತ್ತು.

ರಂಗಯ್ಯನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಎಲ್ಲವೂ ತಿಳಿಯಿತು. ನೂರ ನಲವತ್ಮೂರು ಕಾಯಿಯನ್ನು ಬೇಡ ಎನ್ನದೆ ಈಸಿಕೊಂಡವನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನೀನ್ಯಾಕ್ಲಾ ಕಾಯಿ ಕೊಡ್ತೀಯ? ಹೋಗೋರು ಕೊಡಲ್ಲ. ಬರಕ್ಕಾಗದೋರು ಕೊಡಾದು."

"ಅದ್ಕೇ ಕೊಡ್ತಿರಾದು."

"ನಾ ಈಸ್ಕಳಲ್ಲ."

"ಕೈ ನೋಯ್ತದೆ ಕಣ್ಲಾ. ಹಿಡ್ಕೊ."

"ಆ ಪೊಲೀಸ್ನೋನ್ದೂ ಈಸ್ಕಂಡೆ, ಎದುರು ತೋಟದ ಬೋರು ಬತ್ಲಿ ಅಂದೋನ್ದೂ ಈಸ್ಕಂಡೆ. ನಿಂದು ಈಸ್ಕಳಲ್ಲ. ನೀನೇ ತಗೊಂಬಾ. ಕೋಟು ಸರಿಯಾಗೈತೆ, ಪಾಸ್‌ಪೋರ್ಟ್ ಬಂದೈತೆ, ಟಿಕೀಟೂ... ಹಿಕ್... ಟಿಕೀಟೂ..."

"ನೀರು ಕುಡಿ" ಎಂದ ಗೌಸ್ ಪೀರ್. "ರಂಗ, ನಿನ್ ಬಿಕ್ಳಿಕೆ ಮೊದಲ್ನೇ ದಿನನೇ ಹೇಳ್ತು. ಜೈನಾಬ್‌ಗೆ ಬ್ಯಾಸರ ಆಗ್ತದೆ ಅಂತ ನಾನೂ ಸುಮ್ನಿದ್ದೆ. ಮೂರ್ ಜನನೂ ಎಷ್ಟ್ ಚೆನ್ನಾಗಿ ನಾಟ್ಕ ಆಡಿದ್ವಿ ನೋಡು."

ಕಾಯಿ ಅವನ ಕೈಯಲ್ಲಿ ನಡುಗುತ್ತಿತ್ತು. ಬಿದ್ದು ಹೋಗುತ್ತದೆ ಎಂದು ರಂಗಯ್ಯ ಕೈ ಚಾಚಿದ. ಚಾಚಿದ ಮೇಲೆ ಈಸಿಕೊಂಡಂತೆಯೇ ಆಯಿತು.

"ಪಂಪ್‌ಹೌಸ್ ಪಕ್ಕದ ಮರದ್ದು. ಭೈರಮ್ಮಂಗೆ ಹೇಳಿ ಕೆಡವಿಸ್ದೆ" ಎಂದ ಗೌಸ್ ಪೀರ್. "ಅವತ್ತು ಬೀಳ್ದೆ ಇದ್ದಿದ್ ಕಾಯಿ ಇದೇ ಅಂತ ತಿಳ್ಕೊ. ಆ ಬಯಲಲ್ಲಿ ನನ್ ಹೆಸ್ರಲ್ಲಿ ಒಡಿ. ಕೋರಿಕೆ ಏನೂ ಬರ್ದಿಲ್ಲ, ಬರೀ ಹೆಸ್ರು. ಮುಂದಿನ ಸೀಟು..." ಉಸಿರು ಎಳೆದುಕೊಂಡ. "ಮುಂದಿನ ಸೀಟು ಎಲ್ಲಾ ದಿನನೂ ನಿಂದೇ ಬುಡು."

ಹದಿನೆಂಟು ದಿನ ಜಗಳವಾಡಿ ಸಿಗದ ಸೀಟು ಹೀಗೆ ಸಿಕ್ಕಿತಲ್ಲ ಎಂದು ರಂಗಯ್ಯನ ಎದೆ ಒಡೆದು ಹೋಯಿತು. ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಜೋರಾಗಿ ಅತ್ತ. ಗೌಸ್ ಪೀರ್ ಅವನ ಬೆನ್ನು ತಟ್ಟುತ್ತ ಕೂತಿದ್ದ.

ಯುಗಾದಿ ಆದ ಹನ್ನೆರಡನೇ ದಿನ ಗೌಸ್ ಪೀರ್ ಹೋಗಿಬಿಟ್ಟ.

ನೊಣವಿನಕೆರೆಯ ಖಬರಸ್ತಾನದಲ್ಲಿ ಗುಂಡಿ ತೋಡುತ್ತಿದ್ದರು. ಬಂದವರೆಲ್ಲ ನೆಲ ನೋಡುತ್ತಿದ್ದಾಗ ರಂಗಯ್ಯ ಅಭ್ಯಾಸಬಲದಿಂದ ಮೇಲೆ ನೋಡಿದ. ಪಕ್ಕದ ತೋಟದ ಒಂದು ಮರ ಗೋಡೆ ದಾಟಿ ಬಾಗಿಕೊಂಡಿತ್ತು, ಗೊನೆ ಸಮೇತ.

"ಇಲ್ ಬ್ಯಾಡ" ಎಂದು ಕೂಗಿದ. "ಮೇಲ್ ನೋಡ್ರಪ್ಪ, ಕಾಯಿ ಐತೆ. ಅವನ ಮೇಲೆ ಬೀಳ್ತದೆ. ಅತ್ಲಾಗ್ ತೋಡಿ."

ಯಾರೂ ನಗಲಿಲ್ಲ. ಹಾರೆ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅರ್ಧ ತೋಡಿದ್ದನ್ನು ಮುಚ್ಚಿ, ನಾಲ್ಕು ಮಾರು ಆಚೆ ಹೊಸದಾಗಿ ತೋಡಿದರು.

ಇನ್ನು ಅಟ್ಟದ ಮೇಲಿನ ನೂರ ನಲವತ್ಮೂರು ಕಾಯಿಯ ಗತಿ ಏನು? ಊರು ತಲೆ ಕೆಡಿಸಿಕೊಂಡಿತು. ಯಾತ್ರೆ ನಿಂತಿದೆ, ತಿರುಗಿ ಈಸಿಕೊಳ್ಳುವಂತಿಲ್ಲ. ಒಂದು ತಿಂಗಳು ಜಗಲಿ ಕಟ್ಟೆಗಳಲ್ಲಿ ಚರ್ಚೆ ನಡೆಯಿತು. ಕೊನೆಗೆ ತೀರ್ಪು ಕೊಟ್ಟವಳು ದ್ರಾಕ್ಷಾಯಣಮ್ಮ. ಗೌಸ್ ಪೀರನ ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆಯ ಬೆಳಿಗ್ಗೆ ಅವಳು ಒಂದು ಗೂಡ್ಸ್ ಗಾಡಿ ತಂದು ರಂಗಯ್ಯನ ಬಾಗಿಲಲ್ಲಿ ನಿಲ್ಲಿಸಿದಳು.

"ಕೆಳಗಿಳಿಸಪ್ಪ ಕಾಯ್ನ. ಕೈಲಾಸ ದಾಟಿ ಇನ್ನೂ ಮುಂದಕ್ಕೆ ಅಂತ ತಾನೇ ಕೊಟ್ಟಿದ್ದು ನಾವು? ಅಷ್ಟ್ ದೂರ ಹೋಗಿರಾನು ಆ ಪುಣ್ಯಾತ್ಮ ಒಬ್ನೇ. ನಮ್ ಕಾಯಿ ಅವನ್ಗೇ ಸೇರ್ಲಿ."

ಆ ಮಾತಿಗೆ ಎದುರಾಡಲು ಯಾರಿಗೂ ಆಗಲಿಲ್ಲ. ಜೈನಾಬ್ ಬೀಯ ಅಂಗಳದಲ್ಲಿ ನೂರ ನಲವತ್ಮೂರು ಕಾಯಿ ಒಡೆದರು. ಮಗಳ ಮದುವೆ, ಮಂಡಿ ನೋವು, ಸೊಸೆಯ ಬುದ್ಧಿ, ಟ್ರಾನ್ಸ್‌ಫರ್, ಎಲ್ಲವನ್ನೂ ತುರಿದು, ಬೆಲ್ಲ ಬೆರೆಸಿ, ಬಂದವರ ಕೈಗೆ ಹಂಚಿದರು. ಬೋರು ಬತ್ತಲಿ ಎಂದವನು ತನ್ನ ಕಾಯಿಯನ್ನು ತಾನೇ ಹುಡುಕಿ, ಸಿಪ್ಪೆಯ ಬರಹವನ್ನು ಕೆರೆದು ಹಾಕಿ ಒಡೆದ. ಅಟ್ಟದಲ್ಲಿ ಒಂದೇ ಕಾಯಿ ಉಳಿಯಿತು.

ಆ ಜೂನ್ ಬಂತು, ಹೋಯಿತು. ರಂಗಯ್ಯ ದಿನಾ ನೊಣವಿನಕೆರೆಗೆ ಹೋಗಿ ಮುಚ್ಚಿದ ಅಂಗಡಿಯ ಎದುರು ಕೂತು ಬರುತ್ತಿದ್ದ. ಮಳೆಗಾಲ ಕಳೆದು, ಚಳಿ ಕಳೆದು, ಮತ್ತೊಂದು ಯುಗಾದಿ ಆಯಿತು. ಒಂದು ಮಧ್ಯಾಹ್ನ ಭೈರಮ್ಮ ಅಟ್ಟದಿಂದ ಆ ಕಾಯಿಯನ್ನು ಇಳಿಸಿ ಅವನ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಲೊಟಲೊಟ ಎಂದಿತು.

"ವರ್ಷ ಆಯ್ತು. ನೀರು ಆರಿ ಕೊಬ್ಬರಿನೂ ಆಯ್ತು. ಮೀಸ್ಲು ಕಾಯಿ ಮನೇಲಿಟ್ಕೊಂಡು ಎಷ್ಟ್ ದಿನ ಕೂರ್ತೀಯ? ಎದ್ದು ಹೋಗು" ಎಂದಳು. ಅವಳ ಕಣ್ಣೂ ತುಂಬಿತ್ತು.

ಹಾಗೆ, ಜೂನ್ ತಿಂಗಳ ಒಂದು ಬೆಳಿಗ್ಗೆ, ಹುಚ್ಚರಂಗಯ್ಯ ಉಣ್ಣೆ ಕೋಟು ತೊಟ್ಟು ವಿಮಾನ ನಿಲ್ದಾಣದಲ್ಲಿ ನಿಂತ. ಚೀಲದ ತುಂಬ ಜಾಗವಿತ್ತು, ಭಾರವೆಂದರೆ ಒಂದೇ ಕಾಯಿ. ಚೀಲ ನೋಡುವ ಅಧಿಕಾರಿಣಿ ಅದನ್ನು ಎತ್ತಿ ಅಲ್ಲಾಡಿಸಿದಳು.

"ಇದು ಕೊಬ್ಬರಿ. ಬೆಂಕಿ ಹಿಡಿಯೋ ಪದಾರ್ಥ. ವಿಮಾನದಲ್ಲಿ ಬಿಡಲ್ಲ."

"ಬೆಂಕಿನಾ? ನಮ್ ತಿಪಟೂರು ಕೊಬ್ಬರಿ ಮೇಡಂ! ಹಬ್ಬಕ್ಕೆ ಹಂಚೋದು!"

"ರೂಲ್ಸು ಯಜಮಾನ್ರೇ. ಹಸಿಕಾಯಿ ಆಗಿದ್ರೆ ನೋಡಬಹುದಿತ್ತು. ಕೊಟ್ಟವರು ಹೊರಗೆ ಇದ್ದರೆ ಅವರ ಕೈಗೇ ವಾಪಸ್ ಕೊಟ್ಟು ಬನ್ನಿ."

ರಂಗಯ್ಯ ಅವಳ ಮುಖ ನೋಡಿದ. "ಅವನು ಹೊರಗಿಲ್ಲ ಮೇಡಂ" ಎಂದ.

ಕಾಯಿ ಎತ್ತಿಕೊಂಡು ಆಚೆ ಬಂದ. ಸಾಲಿನಲ್ಲಿ ನಿಂತಿದ್ದ ಒಬ್ಬ ಟ್ಯಾಕ್ಸಿಯವನ ಹತ್ತಿರ ಚಕ್ರ ಬಿಚ್ಚುವ ರಾಡು ಕೇಳಿ ಈಸಿಕೊಂಡ. ಮೆಕ್ಯಾನಿಕ್ಕಿನ ಕಾಯಿಗೆ ಮೆಕ್ಯಾನಿಕ್ಕಿನ ಸಾಮಾನೇ ಸಿಕ್ಕಿತಲ್ಲ ಎನ್ನಿಸಿತು. ಸಿಪ್ಪೆ ಸುಲಿದು, ಹೆಸರು ಕಣ್ಣಿಗೆ ಒತ್ತಿಕೊಂಡು, ರಸ್ತೆಯಂಚಿನ ಕಲ್ಲಿಗೆ ಒಡೆದ. ಚಿಪ್ಪು ಎರಡಾಗಿ ಕೊಬ್ಬರಿ ಉಂಡೆ ಇಡಿಯಾಗಿ ಹೊರಗೆ ಬಂತು. ಅಳುತ್ತಲೇ ಅದನ್ನು ತಿರುಗಿಸಿ ನೋಡಿದ. ಒಂದು ಚುಕ್ಕೆ ಇಲ್ಲ, ಬೂಸಲಿಲ್ಲ, ಒಳ್ಳೇ ಮಾಲು. ಟ್ಯಾಕ್ಸಿಯವನಿಗೆ ಒಂದು ಚೂರು, ಕಸ ಗುಡಿಸುವ ಹೆಂಗಸಿಗೆ ಒಂದು ಚೂರು, ಒಳಗೆ ಬಂದು ಅಧಿಕಾರಿಣಿಗೂ ಒಂದು ಚೂರು ಕೊಟ್ಟ. ಅವಳು ಯಾಕೋ ಬೇಡ ಎನ್ನಲಿಲ್ಲ. ಉಳಿದದ್ದನ್ನು ಬಾಯಿಗೆ ಹಾಕಿಕೊಂಡು ಅಗಿಯುತ್ತ ಹೋದ. ಹೆಸರು ಬರೆದ ಸಿಪ್ಪೆಯ ತುಂಡು ಕೋಟಿನ ಜೇಬಿನಲ್ಲಿತ್ತು. ಸಿಪ್ಪೆಯ ಬಗ್ಗೆ ಅವರ ಪುಸ್ತಕದಲ್ಲಿ ಯಾವ ರೂಲ್ಸೂ ಇರಲಿಲ್ಲ.

ಎರಡು ದಿನ ಕಳೆದು, ವ್ಯಾನು ಹೊರಟ ಬೆಳಿಗ್ಗೆಯೇ, ಉಲಾನ್‌ಬಾತರಿನ ಆಚೆ ಬಯಲು ಶುರುವಾಗುವ ಕಡೆ, ಡ್ರೈವರು ಹಳೇ ರಷ್ಯಾ ವ್ಯಾನನ್ನು ಎಂಜಿನ್ನಿಗೆ ನೀರು ಹಾಕಲು ನಿಲ್ಲಿಸಿದ. ರಂಗಯ್ಯ ಕೆಳಗಿಳಿದು ಮೇಲೆ ನೋಡಿದ. ಆಕಾಶ. ಸುತ್ತ ತಿರುಗಿ ನೋಡಿದ. ಎಲ್ಲ ಕಡೆಯೂ ಆಕಾಶ. ಬೀಳುವಂಥದು ಏನೂ ಇರಲಿಲ್ಲ. ಐವತ್ಮೂರು ವರ್ಷದಿಂದ ಬಿಗಿದುಕೊಂಡಿದ್ದ ಕುತ್ತಿಗೆ ಮೆಲ್ಲಗೆ ಕೆಳಗಿಳಿಯಿತು. ಮುಂದೆ ಕ್ಯಾಲೆಂಡರಿನ ದಾರಿ ನೆಟ್ಟಗೆ ಮಲಗಿತ್ತು.

ಡ್ರೈವರು ಮುಂದಿನ ಬಾಗಿಲು ತೆರೆದು, ಹಿಂದೆ ಯಾಕೆ ಕೂರುತ್ತೀರಿ, ದಾರಿ ಇಲ್ಲಿಂದ ಚೆನ್ನಾಗಿ ಕಾಣುತ್ತದೆ ಎಂಬಂತೆ ತನ್ನ ಪಕ್ಕದ ಸೀಟನ್ನು ತಟ್ಟಿ ತೋರಿಸಿದ. ರಂಗಯ್ಯ ಜೇಬಿನಿಂದ ಸಿಪ್ಪೆಯ ತುಂಡು ತೆಗೆದು, ಬಿಳೀ ಅಕ್ಷರ ಮೇಲೆ ಬರುವಂತೆ ಆ ಸೀಟಿನ ಮೇಲಿಟ್ಟ. ಬಾಗಿಲು ಹಾಕಿ, ಹಿಂದೆ ಹೋಗಿ ಕೂತ.

"ಇವತ್ತು ಮೊದಲ್ನೇ ದಿನ ಕಣಪ್ಪ" ಎಂದ, ಡ್ರೈವರಿಗೆ ಕನ್ನಡ ಬರುತ್ತದೇನೋ ಎಂಬಂತೆ. "ಅವನ ಸರದಿ. ನಾಳೆ ನಾನು ಕೂತ್ಕತೀನಿ."